ಮೇಷ್ಟ್ರ ಗೋಡೆಯ ಮೂವತ್ತೆಂಟು ಕ್ಯಾಸೆಟ್ಟುಗಳು

ತಿ. ನರಸೀಪುರ
12 ಜೂನ್ 2006

ಚಿ. ರವಿಕುಮಾರನಿಗೆ ಗಂಗಾಧರಸ್ವಾಮಿ ಮೇಷ್ಟ್ರ ಆಶೀರ್ವಾದಗಳು.

ಕಳೆದ ತಿಂಗಳು ಮೂವತ್ತೊಂದನೇ ತಾರೀಕು ನಾನು ಹೆಡ್ ಮಾಸ್ಟರ್ ಕೆಲಸದಿಂದ ನಿವೃತ್ತನಾದೆ. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ನಾನು ಯಾರಿಗೂ ಹೊಡೆಯುತ್ತಲೇ ಇರಲಿಲ್ಲ ಎಂದು ಭಾಷಣ ಮಾಡಿದರು. ನನ್ನ ಕೊಠಡಿಯಲ್ಲಿದ್ದ ಕಬ್ಬಿಣದ ಬೀರು ನನ್ನ ಸ್ವಂತದ್ದು. ಅದನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತರಿಸಿ ಬೀಗ ತೆಗೆದಾಗ ಒಳಗೆ ಮೂವತ್ತೆಂಟು ವಿಡಿಯೋ ಗೇಮ್ ಕ್ಯಾಸೆಟ್ಟುಗಳು ಸಿಕ್ಕವು. ಟಿ.ವಿ.ಗೆ ಸಿಕ್ಕಿಸುವ ಆಟದ ಡಬ್ಬಕ್ಕೆ ತುರುಕುತ್ತಿದ್ದಿರಲ್ಲ, ಅಂಗೈ ಅಗಲದ ಪ್ಲಾಸ್ಟಿಕ್ ಬಿಲ್ಲೆಗಳು, ಅವೇ. ಪಾಠದ ಹೊತ್ತಿನಲ್ಲಿ ಬೆಂಚಿನ ಕೆಳಗೆ ಅದಲು ಬದಲು ಮಾಡುತ್ತಿದ್ದವರಿಂದ ಹತ್ತು ವರ್ಷದಲ್ಲಿ ನಾನು ವಶಪಡಿಸಿಕೊಂಡವು. ತಂದೆ ತಾಯಿಯನ್ನು ಕರೆತಂದರೆ ವಾಪಸು ಕೊಡುತ್ತೇನೆ ಎಂದು ಪ್ರತಿಯೊಬ್ಬನಿಗೂ ಹೇಳಿದ್ದೆ. ಯಾವನೂ ಕರೆತರಲಿಲ್ಲ.

ಜೊತೆಗೆ ರಿಜಿಸ್ಟರ್ ಕೂಡ ಇದೆ. ಅದರ ಪ್ರಕಾರ 1995ನೇ ಇಸವಿ ಆಗಸ್ಟ್ ಹತ್ತೊಂಬತ್ತರಂದು ಎಂಟನೇ ಬಿ ತರಗತಿಯ ನಿನ್ನಿಂದ ಹಳದಿ ಕ್ಯಾಸೆಟ್ಟು ಒಂದು ತೆಗೆದುಕೊಂಡಿದ್ದೇನೆ. ನೀನು ಈಗ ನಂಜನಗೂಡು–ನರಸೀಪುರ ಬಸ್ಸಿನಲ್ಲಿ ಕಂಡಕ್ಟರ್ ಎಂದು ತಿಳಿದು ಸಂತೋಷವಾಯಿತು. ದಿನಕ್ಕೆ ಎರಡು ಸಲ ನಮ್ಮೂರಿಗೆ ಬಂದು ಹೋಗುತ್ತೀಯ. ನಮ್ಮ ಮನೆ ಬಸ್ ಸ್ಟ್ಯಾಂಡಿನಿಂದ ನಾಲ್ಕು ನಿಮಿಷದ ದಾರಿ. ಹದಿನೈದು ದಿನದೊಳಗೆ ಬಂದು ನಿನ್ನ ವಸ್ತು ತೆಗೆದುಕೊಂಡು ಹೋಗು.

ಫೋನ್ ಮಾಡಬೇಡ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ.

ಇತಿ ನಿನ್ನ ಹಿತ ಬಯಸುವ,
ಗಂಗಾಧರಸ್ವಾಮಿ

---

ನಂಜನಗೂಡು
25 ಜೂನ್ 2006

ಪೂಜ್ಯ ಮೇಷ್ಟ್ರಿಗೆ ರವಿಕುಮಾರ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನೀವು ನಿವೃತ್ತರಾದ ವಿಶಯ ಬಸ್ಸಿನಲ್ಲೇ ಕೇಳಿದ್ದೆ.

ನಮ್ಮ ಬಸ್ಸು ನರಸೀಪುರದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಸಾರ್. ಅದರಲ್ಲಿ ಟೀ ಕುಡಿಯುವುದಕ್ಕೆ ಆರು ನಿಮಿಷ, ಲೆಕ್ಕದ ಹಾಳೆ ತುಂಬುವುದಕ್ಕೆ ನಾಲ್ಕು ನಿಮಿಷ ಹೋಗುತ್ತದೆ. ನಿಮ್ಮ ಮನೆಗೆ ಹೋಗಲು ನಾಲ್ಕು, ಬರಲು ನಾಲ್ಕು ಎಂದರೆ ಆಗುವುದಿಲ್ಲ. ಕ್ಯಾಸೆಟ್ಟು ನನಗೆ ಬೇಡ. ಯಾರಿಗಾದರೂ ಕೊಟ್ಟುಬಿಡಿ.

ಅವ್ವನಿಗೆ ಓದಲು ಬರುವುದಿಲ್ಲ. ಯಾರ ಕಾಗದ ಎಂದು ಕೇಳಿದಳು. ನಿಮ್ಮ ಹೆಸರು ಹೇಳಿದೆ. ಗುಡಿಸಿದ ಜಾಗವನ್ನೇ ಇನ್ನೊಂದು ಸಲ ಗುಡಿಸಿದಳು.

ಇತಿ ತಮ್ಮ ವಿಧೇಯ,
ಎಂ. ರವಿಕುಮಾರ್

---

ತಿ. ನರಸೀಪುರ
30 ಜುಲೈ 2006

ಚಿ. ರವಿಕುಮಾರನಿಗೆ ಆಶೀರ್ವಾದಗಳು.

‘ವಿಶಯ’ ಅಲ್ಲ, ‘ವಿಷಯ’. ಎಂಟನೇ ತರಗತಿಯಲ್ಲೂ ಇದೇ ತಪ್ಪು ಮಾಡುತ್ತಿದ್ದೆ. ಕೆಂಪು ಶಾಯಿಯಲ್ಲಿ ತಿದ್ದಿ ನಿನ್ನ ಕಾಗದವನ್ನು ಇದರೊಳಗೆ ವಾಪಸು ಇಟ್ಟಿದ್ದೇನೆ.

ಮೂವತ್ತೆಂಟು ಜನಕ್ಕೂ ಬರೆದಿದ್ದೆ. ಹನ್ನೊಂದು ಕಾಗದ ವಿಳಾಸ ಸಿಗದೆ ಹಿಂದಿರುಗಿದವು. ಒಬ್ಬ ತನ್ನ ಏಳು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದ. ಆ ಮಗು ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, “ತಾತ, ಇದ್ರೊಳಗೆ ಸಿ.ಡಿ. ಎಲ್ಲೈತೆ?” ಎಂದು ಕೇಳಿತು. ಅಪ್ಪನ ಮುಖ ಸಣ್ಣದಾಯಿತು. ಇಲ್ಲೇ ಇರಲಿ ಸಾರ್ ಎಂದು ಬಿಟ್ಟುಹೋದ. ಈಗ ಗ್ರಾಮ ಪಂಚಾಯಿತಿ ಮೆಂಬರಾಗಿರುವ ಇನ್ನೊಬ್ಬ ತಾನು ನಮ್ಮ ಶಾಲೆಯಲ್ಲಿ ಓದಿಯೇ ಇಲ್ಲ ಎಂದು ಬರೆದಿದ್ದಾನೆ. ಅವನ ಕಾಗುಣಿತ ನೋಡಿದರೆ ಅದು ನಿಜ ಇರಬಹುದು.

ಇತ್ತ ನಮ್ಮ ಮನೆಯಾಕೆ ಮಹದೇವಮ್ಮನಿಗೆ ಸೀರೆ ಇಡಲು ಬೀರು ಬೇಕು. “ಇಲ್ಲಾ ಅವು ಇರ್ಬೇಕು, ಇಲ್ಲಾ ನಾನಿರ್ಬೇಕು” ಎಂದಳು. ಎಸೆಯಲು ನನಗೆ ಮನಸ್ಸು ಬರಲಿಲ್ಲ. ಬಡಗಿ ಸಿದ್ದಮಲ್ಲಪ್ಪನನ್ನು ಕರೆಸಿ ಹೊನ್ನೆ ಮರದ ಪಟ್ಟಿಗಳಲ್ಲಿ ಕ್ಯಾಸೆಟ್ಟು ನಿಲ್ಲುವಂತೆ ಕಚ್ಚು ಕೊರೆಸಿದೆ. ಹಜಾರದ ಗೋಡೆಗೆ ಐದು ಸಾಲು ಹೊಡೆಸಿ ಮೂವತ್ತೆಂಟನ್ನೂ ಜೋಡಿಸಿದೆ. ನಾನೇ ಮಾಡಿದ್ದೆಂದು ಹೇಳುತ್ತಿಲ್ಲ, ನೋಡಲು ಬಹಳ ಚೆನ್ನಾಗಿದೆ. ಹಳದಿ, ಕಪ್ಪು, ಕೆಂಪು, ಬೂದಿ ಬಣ್ಣ. ಒಂದರ ಮೇಲೆ ವಿಮಾನ, ಒಂದರ ಮೇಲೆ ಬಂದೂಕು ಹಿಡಿದ ಇಬ್ಬರು ಗಟ್ಟಿಗರು, ಒಂದರ ಮೇಲೆ ಬಾತುಕೋಳಿ. ಒಂದರಲ್ಲಿ ತೊಂಬತ್ತೊಂಬತ್ತು ಲಕ್ಷ ಆಟ ಇವೆ ಎಂದು ಅಚ್ಚು ಹಾಕಿದ್ದಾರೆ. ಗಣಿತದ ಮೇಷ್ಟ್ರಾಗಿ ನಾನು ಅದನ್ನು ನಂಬುವುದಿಲ್ಲ. ಪ್ರತಿಯೊಂದರ ಕೆಳಗೂ ರಿಜಿಸ್ಟರ್ ನೋಡಿ ಹುಡುಗನ ಹೆಸರು, ತಂದೆಯ ಹೆಸರು, ತರಗತಿ, ತಾರೀಕು, ಷರಾ ಎಲ್ಲ ಬರೆದು ಚೀಟಿ ಅಂಟಿಸಿದ್ದೇನೆ.

ಜನ ನೋಡಲು ಬರುತ್ತಿದ್ದಾರೆ. ಕಳೆದ ವಾರ ಸೋಮನಾಥಪುರದ ಗುಡಿ ನೋಡಲು ಬಂದಿದ್ದ ವಿದೇಶದ ದಂಪತಿ ಬಸ್ಸು ತಪ್ಪಿಸಿಕೊಂಡು ನಮ್ಮ ಬೀದಿಗೆ ಬಂದಿದ್ದರು. ಹೊಯ್ಸಳರ ಗುಡಿಯನ್ನು ಅರ್ಧ ಗಂಟೆ ನೋಡಿದರಂತೆ. ನಮ್ಮ ಗೋಡೆಯನ್ನು ಮುಕ್ಕಾಲು ಗಂಟೆ ನೋಡಿದರು. ಆಕೆ ಗೋಡೆಗೆ ಕೈ ಮುಗಿದಳು. ಮಹದೇವಮ್ಮ ಮಜ್ಜಿಗೆ ಕೊಟ್ಟಳು. ಅಂದಿನಿಂದ ಬೀರು ಪೂರ್ತಿ ಅವಳದ್ದಾದರೂ ಗೋಡೆಯನ್ನು ಒರೆಸುವವಳು ಅವಳೇ.

ನಿನ್ನದು ಮೂರನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯದು. ಒಂದು ಸಲ ಬಾ.

ಇತಿ,
ಗಂಗಾಧರಸ್ವಾಮಿ

---

ನಂಜನಗೂಡು
14 ಸೆಪ್ಟೆಂಬರ್ 2006

ಮೇಷ್ಟ್ರಿಗೆ,

ನನ್ನ ಹೆಸರನ್ನು ನಿಮ್ಮ ಗೋಡೆಯಿಂದ ತೆಗೆಯಿರಿ.

ಹೆಮ್ಮಿಗೆಯ ರೋಜಾ ಎಂಬ ಹುಡುಗಿಯ ಜೊತೆ ನನಗೆ ಮದುವೆ ಮಾತಾಗಿತ್ತು. ಬಿ.ಎ. ಮಾಡಿದ್ದಾಳೆ. ಎರಡೂ ಕಡೆ ಒಪ್ಪಿಗೆಯಾಗಿ ವೀಳ್ಯ ಹಿಡಿಯುವುದೊಂದು ಬಾಕಿ ಇತ್ತು. ಆ ಹುಡುಗಿಯ ಸೋದರಮಾವ ನಾಗೇಂದ್ರ ಎಂಬುವರು ವೈರಿಂಗ್ ಕೆಲಸ ಮಾಡುತ್ತಾರೆ. ಹದಿನೈದು ದಿನದ ಹಿಂದೆ ನಿಮ್ಮ ಗೋಡೆಗೆ ಬೆಳಕು ಸಾಲದೆಂದು ಟ್ಯೂಬ್‌ಲೈಟ್ ಹಾಕಿಸಲು ನೀವು ಕರೆಸಿದ್ದು ಅವರನ್ನೇ. ಟ್ಯೂಬ್‌ಲೈಟ್ ಚೆನ್ನಾಗಿ ಹತ್ತಿಕೊಂಡಿತು. ಅದರ ಬೆಳಕಿನಲ್ಲಿ ಅವರು ಮೂರನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯದನ್ನು ಓದಿದರು. “ರವಿಕುಮಾರ್, ಬಿನ್ ಮಾದು, ಸೋಸಲೆ. ಎಂಟನೇ ಬಿ. ಷರಾ: ಕಳವು.”

ಅವರು ನಮ್ಮ ಮನೆಗೆ ಬಂದು ಅವ್ವನನ್ನು ಕೇಳಿದರು. “ಅಲ್ಲಾ ಕಣಮ್ಮಾ, ನಿನ್ ಮಗ ಕಳ್ತನದ್ ಕೇಸ್ನವ್ನಂತೆ. ಕಂಡಕ್ಟ್ರು ಚೀಲ ಬ್ಯಾರೆ ನೇತಾಕ್ಕಂಡು ತಿರುಗ್ತಾವ್ನೆ. ನಾವು ಏನಂತ ಎಣ್ ಕೊಡನ?” ಮದುವೆ ಮಾತು ನಿಂತಿದೆ.

ಆ ಕ್ಯಾಸೆಟ್ಟು ಕದ್ದದ್ದಲ್ಲ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದೆ ಚಿಕ್ಕಸ್ವಾಮಿ ಎಂಬುವರ ವಿಡಿಯೋ ಗೇಮ್ ಅಂಗಡಿ ಇತ್ತಲ್ಲ, ಅಲ್ಲಿ ಅವ್ವ ಒಂದು ಕೆಂಪು ಹ್ಯಾಟೆ ಕೋಳಿ ಕೊಟ್ಟು ಅದನ್ನು ತಂದಿದ್ದಳು. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಆಟದ ಡಬ್ಬ ಇರಲಿಲ್ಲ. ಕ್ಯಾಸೆಟ್ಟು ಮಾತ್ರ ಇತ್ತು. ಇದೆಂಥ ಹುಚ್ಚು ಎಂದು ನಿಮಗೆ ಅನ್ನಿಸಬಹುದು. ಊರಿನ ಮೇಲಿನ ಬೀದಿಯ ಹುಡುಗರ ಮನೆಯಲ್ಲಿ ಟಿ.ವಿ. ಇತ್ತು, ಡಬ್ಬ ಇತ್ತು, ಕ್ಯಾಸೆಟ್ಟುಗಳೆಲ್ಲ ಆಡಿ ಆಡಿ ಹಳತಾಗಿದ್ದವು. ಹೊಸ ಕ್ಯಾಸೆಟ್ಟು ಹಿಡಿದುಕೊಂಡು ಹೋದರೆ ನನ್ನನ್ನು ಒಳಗೆ ಕರೆಯುತ್ತಿದ್ದರು. ಒಳಗೆ ಎಂದರೆ ಹಜಾರದವರೆಗೆ. ಟ್ಯಾಂಕು ಓಡಿಸಿ ಇಟ್ಟಿಗೆ ಗೋಡೆ ಒಡೆಯುವ ಆಟ ಅದು. ಹನ್ನೊಂದು ದಿನ ನಾನು ಆ ಹಜಾರದಲ್ಲಿ ಕೂತು ಆಡಿದೆ. ಹನ್ನೆರಡನೇ ದಿನ ನೀವು ಚೀಲ ನೋಡಿದಿರಿ.

ನೀವು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಕೋಳಿಯ ವಿಷಯ ಹೇಳುತ್ತಿದ್ದೆ.

ರವಿಕುಮಾರ್

---

ತಿ. ನರಸೀಪುರ
20 ಸೆಪ್ಟೆಂಬರ್ 2006

ಚಿ. ರವಿಕುಮಾರನಿಗೆ,

ಇಷ್ಟು ಸಿಟ್ಟಿನಲ್ಲಿ ಬರೆದರೂ ಕಾಗದದಲ್ಲಿ ಒಂದೂ ತಪ್ಪಿಲ್ಲ. ‘ವಿಷಯ’ ಸರಿಯಾಗಿದೆ.

ನಿನ್ನ ಮದುವೆಗೆ ನನ್ನಿಂದ ಅಡ್ಡಿಯಾಯಿತೆಂದು ತಿಳಿದು ಬೇಸರವಾಯಿತು. ಆದರೆ ರಿಜಿಸ್ಟರಿನಲ್ಲಿ ಬರೆದದ್ದನ್ನು ಹನ್ನೊಂದು ವರ್ಷದ ಮೇಲೆ ಒಬ್ಬರ ಮಾತು ಕೇಳಿ ಹೊಡೆದುಹಾಕಲು ಬರುವುದಿಲ್ಲ. ಸದ್ಯಕ್ಕೆ ನಿನ್ನ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿದ್ದೇನೆ.

ಅದರಿಂದ ಇನ್ನೊಂದು ತೊಂದರೆಯಾಗಿದೆ. ಮೊದಲು ಬಂದವರು ಬಾತುಕೋಳಿ, ವಿಮಾನ ನೋಡಿ ಹೋಗುತ್ತಿದ್ದರು. ಈಗ ಎಲ್ಲರೂ ಸೀದಾ ಬಿಳಿ ಕಾಗದದ ಮುಂದೆ ನಿಲ್ಲುತ್ತಾರೆ. ಮೊನ್ನೆ ಹಾಲಿನವನು ಉಗುರಿನಲ್ಲಿ ಕೆರೆಯುತ್ತಿದ್ದ. ಯಾರೋ ದೊಡ್ಡ ಮನುಷ್ಯನ ಮಗನದಂತೆ, ಮೇಷ್ಟ್ರಿಗೆ ಮೇಲಿನಿಂದ ಒತ್ತಡ ಬಂದಿದೆಯಂತೆ ಎಂದು ಬೀದಿಯಲ್ಲಿ ಮಾತಾಡುತ್ತಿದ್ದಾರೆ. ನಿನಗೆ ಇದರಿಂದ ಏನಾದರೂ ಸಮಾಧಾನವಾದರೆ ಇರಲಿ ಎಂದು ಬರೆದೆ.

ಕೋಳಿ ಕೊಟ್ಟದ್ದಕ್ಕೆ ಸಾಕ್ಷಿ ಯಾರಾದರೂ ಇದ್ದಾರೆಯೇ? ಇದ್ದರೆ ತಿಳಿಸು.

ಗಂಗಾಧರಸ್ವಾಮಿ

---

ತಿ. ನರಸೀಪುರ
30 ಸೆಪ್ಟೆಂಬರ್ 2006

ಮಗು ರವಿಕುಮಾರ, ನಾನು ಮೇಷ್ಟ್ರ ಹೆಂಡತಿ ಮಹದೇವಮ್ಮ.

ಈ ಕಾಗದ ಬರೆದದ್ದು ನಮ್ಮನೆಯವರಿಗೆ ಗೊತ್ತಿಲ್ಲ. ನನ್ನ ಕಾಗುಣಿತ ನೀನೂ ತಿದ್ದಬೇಡ.

ನೀನು ಅವರಿಗೆ ಉತ್ತರ ಬರೆಯಲಿಲ್ಲ. ಒಂದು ವಾರ ಅಂಚೆಯವನ ದಾರಿ ಕಾದರು. ಆಮೇಲೆ ತಾವೇ ಸಾಕ್ಷಿ ಹುಡುಕಲು ಹೊರಟರು. ನಿಮ್ಮ ಚಿಕ್ಕಸ್ವಾಮಿ ವಿಡಿಯೋ ಗೇಮ್ ಅಂಗಡಿ ಮುಚ್ಚಿ ಬಹಳ ವರ್ಷವಾಯಿತಂತೆ. ಈಗ ಸಂತೆಬೀದಿಯಲ್ಲಿ ಕೋಳಿ ಅಂಗಡಿ ಇಟ್ಟಿದ್ದಾನೆ. ನಮ್ಮದು ಲಿಂಗ ಕಟ್ಟಿದ ಮನೆ, ಇವರು ಹುಟ್ಟಿದಂದಿನಿಂದ ಆ ಬೀದಿಗೇ ಹೋದವರಲ್ಲ. ಮೂಗಿಗೆ ಪಂಚೆಯ ತುದಿ ಹಿಡಿದುಕೊಂಡು ಅಂಗಡಿ ಮುಂದೆ ನಿಂತರಂತೆ. ಅವನು ಏಳು ಗಿರಾಕಿ ಮುಗಿಸುವ ತನಕ ಸರದಿಯಲ್ಲಿ ನಿಂತಿದ್ದರಂತೆ. ಇವರ ಸರದಿ ಬಂದಾಗ ಅವನು, “ಎಷ್ಟ್ ಕೆ.ಜಿ. ಸಾ, ಸ್ಕಿನ್ನಾ, ಸ್ಕಿನ್ ತಗ್ದಾ?” ಎಂದನಂತೆ.

ಇವರು ವಿಷಯ ಕೇಳಿದ್ದಾರೆ. ಚಿಕ್ಕಸ್ವಾಮಿ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಹೇಳಿದನಂತೆ, “ಮಾದಮ್ಮನ್ ಕೆಂಪ್ ಯಾಟೆನಾ? ಮರೆಯಕಾದದಾ ಸಾ? ಕುಯ್ಯನ ಅಂತ ತಂದೆ. ತಂದಿದ್ ದಿನ್ವೇ ಮೊಟ್ಟೆ ಇಡ್ತು. ನಾಳಿಕ್ ಕುಯ್ಯನ ಅಂದ್ರೆ ಮತ್ತೊಂದಿಡ್ತು. ಇಂಗೇ ಎರಡೊರ್ಸ. ಆ ಕೋಳಿ ನೋಡ್ಕಂಡೇ ನಾನು ಆಟದ್ ಅಂಗ್ಡಿ ಬುಟ್ಟು ಕೋಳಿಗ್ ಬಂದಿದ್ದು. ಕ್ಯಾಸೆಟ್ಟು ನಾನೇ ನನ್ ಕೈಯಾರ ಆಯಮ್ಮಂಗ್ ಕೊಟ್ಟೆ. ಯಾವ್ನ್ ಸಾ ಕಳ್ತನ ಅಂದೋನು?”

ಕಳ್ತನ ಅಂದವನು ಅಲ್ಲೇ ನಿಂತಿದ್ದ.

ಮನೆಗೆ ಬಂದು ಸ್ನಾನ ಮಾಡಿದರು. ಊಟ ಬೇಡ ಎಂದರು. ಮೂರು ದಿನದಿಂದ ರಿಜಿಸ್ಟರ್ ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಇತ್ತ ಬೀದಿಯಲ್ಲಿ ಮೇಷ್ಟ್ರು ರಿಟೈರಾದ ಮೇಲೆ ಕೋಳಿ ತಿನ್ನಲು ಶುರು ಮಾಡಿದರು ಎಂದು ಸುದ್ದಿಯಾಗಿದೆ. ಪಕ್ಕದ ಮನೆಯ ರಾಚಮ್ಮ ನನ್ನನ್ನೇ ಕೇಳಿದಳು, ಸಾರಿಗೆ ಗಸಗಸೆ ಹಾಕುತ್ತೀರಾ ಎಂದು. ಇವರಿಗೆ ಹೇಳಿದೆ. “ಮಾಡದ ತಪ್ಪು ಹೊತ್ಕೊಂಡು ಬೀದೀಲಿ ಓಡಾಡೋದು ಹೀಗಿರುತ್ತೆ ಅಂತ ಗೊತ್ತಿರಲಿಲ್ಲ” ಎಂದರು. ಮೂವತ್ತಾರು ವರ್ಷ ಸಂಸಾರ ಮಾಡಿದ್ದೇನೆ ಕಣಪ್ಪ, ಆ ದನಿಯಲ್ಲಿ ಅವರು ಮಾತನಾಡಿದ್ದು ಕೇಳಿರಲಿಲ್ಲ.

ಅವರು ನಿನಗೆ ಬರೆಯುತ್ತಾರೆ. ಓದದೆ ಹರಿಯಬೇಡ.

ನಿನ್ನ ತಾಯಿಯ ವಾರಿಗೆಯವಳು,
ಮಹದೇವಮ್ಮ

---

ತಿ. ನರಸೀಪುರ
6 ಅಕ್ಟೋಬರ್ 2006

ಚಿ. ರವಿಕುಮಾರನಿಗೆ,

ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಚಿಕ್ಕಸ್ವಾಮಿಯನ್ನು ಕಂಡೆ. ನೀನು ಹೇಳಿದ್ದು ನಿಜ. ಕ್ಯಾಸೆಟ್ಟು ನಿನ್ನದು.

ಆದರೆ ಅದನ್ನು ತಿಳಿಯಲು ನಾನು ಕೋಳಿ ಅಂಗಡಿಗೆ ಹೋಗಬೇಕಾಗಿರಲಿಲ್ಲ. ರಿಜಿಸ್ಟರ್ ಸರಿಯಾಗಿ ಓದಿದ್ದರೆ ಸಾಕಿತ್ತು. ಒಟ್ಟು ಮೂವತ್ತೆಂಟು ಹೆಸರು. ಷರಾ ಎಂಬ ಕಾಲಮ್ಮಿನಲ್ಲಿ ಮೂವತ್ತೇಳು ಜನರ ಮುಂದೆ ‘ವಶ’ ಎಂದು ಬರೆದಿದ್ದೇನೆ. ಒಬ್ಬನ ಮುಂದೆ ಮಾತ್ರ ‘ಕಳವು’ ಎಂದಿದೆ. ಕಳವಾಗಿದೆ ಎಂದು ನನಗೆ ಯಾರೂ ದೂರು ಕೊಟ್ಟಿರಲಿಲ್ಲ. ಆ ದಿನ ಒಂದೇ ಬೆಂಚಿನ ನಾಲ್ವರ ಚೀಲದಲ್ಲಿ ನಾಲ್ಕು ಕ್ಯಾಸೆಟ್ಟು ಸಿಕ್ಕಿದವು. ಮೂವರನ್ನು ಯಾರದೋ ಇದು ಎಂದು ಕೇಳಿದೆ. ನಿನ್ನನ್ನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂದು ಯೋಚಿಸುತ್ತಾ ಕೂತೆ. ಉತ್ತರ ಬೇಗ ಸಿಕ್ಕಿತು. ಸಿಕ್ಕಿದ ಮೇಲೆ ಮೂರು ದಿನ ಬೇರೆ ಉತ್ತರ ಹುಡುಕಿದೆ. ಸಿಗಲಿಲ್ಲ. ಮೊದಲನೆಯದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ನಿನಗೆ ಅದು ಹದಿಮೂರನೇ ವಯಸ್ಸಿನಲ್ಲೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ಮಾತು. ತಂದೆ ತಾಯಿಯನ್ನು ಕರೆತಂದರೆ ವಾಪಸು ಕೊಡುತ್ತೇನೆ ಎಂದರೂ ಯಾವನೂ ಕರೆತರಲಿಲ್ಲ ಎಂದು ನಿನಗೆ ಮೊದಲ ಕಾಗದದಲ್ಲಿ ಬರೆದಿದ್ದೆ. ಅದು ಸುಳ್ಳು. ಆ ಆಗಸ್ಟಿನಲ್ಲಿ ಒಬ್ಬ ಹೆಂಗಸು ಬಂದು ಶಾಲೆಯ ಹೊಂಗೆ ಮರದ ಕೆಳಗೆ ನಿಂತಿದ್ದಳು. ಕಳವಿನ ಹುಡುಗನ ತಾಯಿ ಬಂದಿದ್ದಾಳೆ ಎಂದು ಜವಾನ ಹೇಳಿದ. ಕಿಟಕಿಯಿಂದ ನೋಡಿದೆ. ನೋಡಿ, ಪರೀಕ್ಷೆಯ ವೇಳಾಪಟ್ಟಿ ಬರೆಯುವುದನ್ನು ಮುಂದುವರಿಸಿದೆ. ಬೆಳಗಿನ ಗಂಟೆಯಿಂದ ಊಟದ ಗಂಟೆಯವರೆಗೆ ಆಕೆ ಅಲ್ಲೇ ಇದ್ದಳು. ಮೂವತ್ತೆಂಟು ಮಕ್ಕಳಲ್ಲಿ ಕೇಳಲು ಬಂದ ತಾಯಿ ಅವಳೊಬ್ಬಳೇ.

ನಿನ್ನ ಕ್ಷಮೆ ಕೇಳುತ್ತೇನೆ.

ಗಂಗಾಧರಸ್ವಾಮಿ

---

ನಂಜನಗೂಡು
15 ಅಕ್ಟೋಬರ್ 2006

ಮೇಷ್ಟ್ರಿಗೆ ನಮಸ್ಕಾರ.

ಅವ್ವ ಶಾಲೆಗೆ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಕೇಳಿದೆ. “ಓಗಿದ್ದೆ. ಬಿಸ್ಲಿತ್ತು. ಬಂದ್ಬುಟ್ಟೆ” ಎಂದಳು. ಅಷ್ಟೇ.

ನನ್ನ ಕ್ಷಮೆ ಕೇಳಬೇಡಿ ಸಾರ್. ಕೇಳುವುದಿದ್ದರೆ ಅವಳನ್ನು ಕೇಳಿ. ಈಗ ನಂಜನಗೂಡಿನ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಸಂಜೆ ನಾಲ್ಕಕ್ಕೆ ಮನೆಯಲ್ಲಿರುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಪಿಲಾ ನದಿಯ ಕಡೆ ನಡೆದರೆ ಹಿಟ್ಟಿನ ಗಿರಣಿ ಸಿಗುತ್ತದೆ. ಅದರ ಹಿಂದಿನ ಸಾಲಿನಲ್ಲಿ ನೀಲಿ ಬಾಗಿಲು.

ನೀವು ಬರುತ್ತೀರಿ ಎಂದು ನಾನು ಅವಳಿಗೆ ಹೇಳುವುದಿಲ್ಲ. ಬರದೆ ಹೋದರೆ ಇನ್ನೊಂದು ಸಲ ಕಾಯುವುದು ಬೇಡ ಎಂದು.

ರವಿಕುಮಾರ್

---

ತಿ. ನರಸೀಪುರ
12 ನವೆಂಬರ್ 2006

ಚಿ. ರವಿಕುಮಾರನಿಗೆ ಆಶೀರ್ವಾದಗಳು.

ನಡೆದದ್ದು ನಿನಗೆ ಅರ್ಧ ಗೊತ್ತಾಗಿರಬಹುದು. ಪೂರ್ತಿ ಬರೆಯುತ್ತೇನೆ.

ನಾನು ನಂಜನಗೂಡಿಗೆ ಬಂದದ್ದು ನಿನ್ನ ಬಸ್ಸಿನಲ್ಲಲ್ಲ. ನಿನ್ನ ಬಸ್ಸು ನಿಂತಿತ್ತು, ನೀನು ಟೀ ಕುಡಿಯುತ್ತಿದ್ದೆ. ನಾನು ಜನರ ಹಿಂದೆ ನಿಂತು, ಅದು ಹೋದ ಮೇಲೆ ಮುಂದಿನದು ಹಿಡಿದೆ. ಧೈರ್ಯ ಸಾಲಲಿಲ್ಲ.

ನಿಮ್ಮ ತಾಯಿ ನನ್ನನ್ನು ಕಂಡೊಡನೆ ಗುರುತು ಹಿಡಿದರು. ಚಾಪೆ ಹಾಕಿ ಕೂರಿಸಿದರು. ಕ್ಯಾಸೆಟ್ಟನ್ನು ಅವರ ಕೈಗೆ ಕೊಟ್ಟೆ. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎಲ್ಲ ಮರೆತು, “ತಪ್ಪಾಯ್ತಮ್ಮಾ” ಎಂದಷ್ಟೇ ಹೇಳಿದೆ. ಅವರು ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿದರು. “ನನಗ್ ಯೋಳಿ ಏನಾಗ್ಬೇಕು ಸಾ? ನನ್ ಮಗ ಕದ್ದಿಲ್ಲ ಅಂತ ನನಗ್ ಗೊತ್ತಿಲ್ವಾ? ಎಮ್ಮಿಗೇಲಿ ಯೋಳಿ” ಎಂದರು. ಆಮೇಲೆ ಒಂದು ಲೋಟ ಚಹಾ ಕೊಟ್ಟರು. ಕುಡಿದೆ. ಇದನ್ನು ಬರೆಯುವ ಅಗತ್ಯವಿಲ್ಲ. ಐವತ್ತೆಂಟು ವರ್ಷದಲ್ಲಿ ನಿಮ್ಮವರ ಮನೆಯಲ್ಲಿ ಕುಡಿದದ್ದು ಅದೇ ಮೊದಲಾದ್ದರಿಂದ ಬರೆದಿದ್ದೇನೆ.

ಮರುದಿನ ರಿಜಿಸ್ಟರ್ ಹಿಡಿದು ಹೆಮ್ಮಿಗೆಗೆ ಹೋದೆ. ನಾಗೇಂದ್ರ, ಹುಡುಗಿಯ ತಂದೆ ತಾಯಿ, ನೆಂಟರು ಎಲ್ಲ ಸೇರಿದರು. ಕಾಲಮ್ಮಿನಲ್ಲಿ ಬೆರಳಿಟ್ಟು ತೋರಿಸಿ, ಮೂವತ್ತೇಳು ಕಡೆ ಹೀಗೆ, ಒಂದು ಕಡೆ ಹಾಗೆ ಬರೆದಿದ್ದೇನೆ, ಬರೆದವನದೇ ತಪ್ಪು, ಹುಡುಗ ನಿರ್ದೋಷಿ ಎಂದು ಹೇಳಿದೆ. ನಾಗೇಂದ್ರ ತಲೆ ತಗ್ಗಿಸಿದರು. ಪಾಪ, ಟ್ಯೂಬ್‌ಲೈಟಿನ ಚೋಕ್ ಹೋದರೆ ಪುಕ್ಕಟೆ ಹಾಕಿಕೊಡುತ್ತೇನೆ ಎಂದರು. ನಾನು ಇನ್ನೇನು ಎದ್ದು ಹೊರಡಬೇಕು, ಬಾಗಿಲ ಬಳಿ ನಿಂತಿದ್ದ ಹುಡುಗಿ, ನಿನ್ನ ರೋಜಾ, “ಒಸಿ ಕೊಡಿ ಸಾ” ಎಂದು ರಿಜಿಸ್ಟರ್ ಈಸಿಕೊಂಡಳು. ಹಾಳೆ ನೋಡಲಿಲ್ಲ. ಮುಚ್ಚಿ ಮೇಲಿನ ರಟ್ಟು ನೋಡಿದಳು. ಅಲ್ಲಿ ಶಾಲೆಯ ಮೊಹರು ಇದೆ.

“ಇದು ಇಸ್ಕೂಲಿಂದಲ್ವಾ ಸಾ?”

“ಹೌದಮ್ಮ.”

“ನಿಮ್ ಮನೇಲಿ ಎಂಗೆ?”

“ಬೀರುವಿನ ಜೊತೆ ಬಂದುಬಿಟ್ಟಿತು.”

“ಇಸ್ಕೂಲ್ನೋರಿಗೆ ಯೋಳಿ ತಂದ್ರಾ?”

“ಇಲ್ಲ.”

ನಾಗೇಂದ್ರ, “ಏ, ಸುಮ್ಕಿರಮ್ಮಿ” ಎಂದು ಗದರಿದರು. ಆಕೆ ರಿಜಿಸ್ಟರನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ನನಗೆ ಕೊಟ್ಟು, “ಅಂಗಾರೆ ಇದ್ಕೂ ಒಂದ್ ಚೀಟಿ ಬರೀರಿ ಸಾ” ಎಂದಳು. ಮೂವತ್ನಾಲ್ಕು ವರ್ಷ ಪಾಠ ಮಾಡಿದ್ದೇನೆ. ಇಂಥ ವಿದ್ಯಾರ್ಥಿನಿ ಒಬ್ಬಳು ನನ್ನ ತರಗತಿಯಲ್ಲಿದ್ದಿದ್ದರೆ ನಾನು ಹತ್ತು ವರ್ಷ ಮೊದಲೇ ಸುಧಾರಿಸುತ್ತಿದ್ದೆ. ನೀನು ಮದುವೆಯಾಗುವುದಾದರೆ ಹುಷಾರಾಗಿರು.

ಮೊನ್ನೆ ರಿಜಿಸ್ಟರನ್ನು ಶಾಲೆಗೆ ಒಪ್ಪಿಸಿ ಸಹಿ ಹಾಕಿಸಿಕೊಂಡು ಬಂದೆ. ಅದಕ್ಕೂ ಮೊದಲು ನಿನ್ನ ಸಾಲಿನಲ್ಲಿ ಆ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು, ‘ತಪ್ಪು ನಮೂದು’ ಎಂದು ಬರೆದು ಸಹಿ ಮಾಡಿದ್ದೇನೆ. ಗೋಡೆಯ ಮೇಲೆ ಈಗ ಮೂವತ್ತೇಳು ಕ್ಯಾಸೆಟ್ಟು. ಎಲ್ಲ ಚೀಟಿಗಳಿಂದಲೂ ಷರಾ ಕತ್ತರಿಸಿದೆ, ಬರೀ ಹೆಸರು ಉಳಿದಿದೆ. ಮೂರನೇ ಸಾಲಿನ ನಾಲ್ಕನೇ ಜಾಗ ಖಾಲಿ. ಅದರ ಕೆಳಗೆ ಹೀಗೆ ಬರೆದು ಅಂಟಿಸಿದ್ದೇನೆ: “ಗಂಗಾಧರಸ್ವಾಮಿ, ಹೆಡ್ ಮಾಸ್ಟರ್. ರಿಜಿಸ್ಟರ್ ಒಂದು. ಷರಾ: ಕಳವು.” ಮಹದೇವಮ್ಮ ಓದಿ ಬಾಗಿಲು ಹಿಡಿದುಕೊಂಡು ನಕ್ಕಳು. ಬಂದವರೆಲ್ಲ ಈಗ ಅದನ್ನೇ ನೋಡುತ್ತಾರೆ. ಪಂಚಾಯಿತಿ ಮೆಂಬರ್ ಕೂಡ ಬಂದಿದ್ದ. ತನ್ನ ಹೆಸರು ಎಷ್ಟನೇ ಸಾಲಿನಲ್ಲಿದೆ ಎಂದು ಕೇಳಿದ.

ಇತಿ,
ಗಂಗಾಧರಸ್ವಾಮಿ

---

ನಂಜನಗೂಡು
18 ಫೆಬ್ರವರಿ 2007

ಪೂಜ್ಯ ಮೇಷ್ಟ್ರಿಗೂ ಅಮ್ಮನವರಿಗೂ ರವಿಕುಮಾರ್ ಮತ್ತು ರೋಜಾ ಮಾಡುವ ನಮಸ್ಕಾರಗಳು.

ಮದುವೆಗೆ ನೀವಿಬ್ಬರೂ ಬಂದು ಕೊನೆಯ ಪಂಕ್ತಿಯವರೆಗೂ ಇದ್ದದ್ದು ನಮ್ಮ ಕಡೆಯವರಿಗೆಲ್ಲ ಸಂತೋಷವಾಯಿತು. ಚಿಕ್ಕಸ್ವಾಮಿಯವರೂ ಬಂದಿದ್ದರಲ್ಲ. ನೀವು ಅವರ ಪಕ್ಕದಲ್ಲೇ ಕೂತು ಪಾಯಸ ಹಾಕಿಸಿಕೊಂಡಿದ್ದನ್ನು ನಿಮ್ಮ ಬೀದಿಯವರು ಯಾರಾದರೂ ನೋಡಿದ್ದರೆ ಇನ್ನು ಏನೇನು ಹಬ್ಬಿಸುತ್ತಾರೋ ಎಂದು ರೋಜಾಗೆ ಚಿಂತೆ.

ನಿಮ್ಮ ಮನೆಯ ಗೋಡೆಯನ್ನು ಕಡೆಗೂ ನೋಡಿದೆವು. ನೀವು ಬರೆದದ್ದು ಸುಳ್ಳಲ್ಲ, ಚೆನ್ನಾಗಿದೆ. ಅವತ್ತು ಅಮ್ಮನವರು ಅಡುಗೆಮನೆಯಲ್ಲೇ ನಮಗೆಲ್ಲ ಎಲೆ ಹಾಕಿ, ತಾವೂ ಅವ್ವನ ಪಕ್ಕದಲ್ಲೇ ಕೂತರು. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಊಟದ ವಿಷಯ ಮಾತನಾಡಲಿಲ್ಲ. ಅಡುಗೆಮನೆಗೆ ಎಷ್ಟು ಕಿಟಕಿ, ಒಲೆ ಯಾವ ಕಡೆ ಎಂದೆಲ್ಲ ಹೇಳುತ್ತಾ ಬಂದಳು.

ಟ್ಯಾಂಕಿನ ಕ್ಯಾಸೆಟ್ಟನ್ನು ಆಡಿಸಿ ನೋಡೋಣ ಎಂದು ರೋಜಾ ಹಳೆಯ ಡಬ್ಬಕ್ಕಾಗಿ ನಂಜನಗೂಡಿನ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿದಳು. ಸಿಕ್ಕಲಿಲ್ಲ. ಸಿಕ್ಕಿದ್ದರೂ ಅವ್ವ ಕೊಡುತ್ತಿರಲಿಲ್ಲ. ಸಿದ್ದಮಲ್ಲಪ್ಪನವರಿಂದ ನೀವು ಮಾಡಿಸಿ ಕಳಿಸಿದ ಹೊನ್ನೆ ಪಟ್ಟಿಯನ್ನು ಬಾಗಿಲಿಗೆ ಎದುರಾಗಿ ಹೊಡೆಸಿ, ಅದರ ಮೇಲೆ ಒಂದೇ ಒಂದನ್ನು ಇಟ್ಟಿದ್ದಾಳೆ. ಮನೆಗೆ ಬಂದವರ ಕಣ್ಣು ಮೊದಲು ಅದರ ಮೇಲೆ ಬೀಳುತ್ತದೆ. ಇದೇನು ಎಂದು ಕೇಳುತ್ತಾರೆ. ಅದು ಏನು ಎಂಬುದು ಅವ್ವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. “ಎಡ್ ಮಾಸ್ಟ್ರು ಬಸ್ಸತ್ಕಂಡ್ ಬಂದು ಕೊಟ್ಟೋದ್ರು” ಎನ್ನುತ್ತಾಳೆ. ಕೇಳಿದವರು ಮತ್ತೇನೂ ಕೇಳುವುದಿಲ್ಲ.

ಬರುವ ಭಾನುವಾರ ನೀವಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬರಬೇಕೆಂದು ಅವ್ವ ಹೇಳಿಸಿದ್ದಾಳೆ. ಅವರೆಕಾಳಿನ ಸಾರು, ಮುದ್ದೆ. ನಮ್ಮ ಬಸ್ಸು ಹತ್ತೂಕಾಲಿಗೆ ನರಸೀಪುರ ಬಿಡುತ್ತದೆ. ಜನರ ಹಿಂದೆ ನಿಲ್ಲಬೇಡಿ, ಮುಂದಿನ ಸೀಟು ಹಿಡಿದಿಟ್ಟಿರುತ್ತೇನೆ. ಟಿಕೆಟ್ ಮಾತ್ರ ತೆಗೆದುಕೊಳ್ಳಬೇಕಾಗುತ್ತದೆ ಸಾರ್. ಚೆಕಿಂಗಿನವರು ಹತ್ತಿದರೆ ನಿಮ್ಮನ್ನು ನಾನು ಬಿಡಿಸಿಕೊಳ್ಳಲಾರೆ.

ನಿಮ್ಮ ಎಂಟನೇ ಬಿ ಹುಡುಗ,
ರವಿಕುಮಾರ್